ಸಾರಕ್ಕಿಯಲ್ಲಿ ಒಂದು ಓಟು

ಮೌನೇಶ ಬಡಿಗೇರ ತೀರಿಕೊಂಡ. ಎರಡು ಸಾವಿರದ ಆರನೇ ಇಸವಿಯ ನವೆಂಬರ್, ಒಂದು ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಸುಮಾರಿಗೆ. ಎರಡೂ ಕಿಡ್ನಿ ಕೆಲಸ ನಿಲ್ಲಿಸಿದ್ದವು. ಅವನಿಗೆ ನಲವತ್ತೊಂದು ವರ್ಷ. ಹೆಂಡತಿ ದುಂಡವ್ವ ಆಗ ಆಸ್ಪತ್ರೆಯ ಕೆಳಮಹಡಿಯಲ್ಲಿ ಔಷಧಿ ಚೀಟಿ ಹಿಡಿದುಕೊಂಡು ಸಾಲಿನಲ್ಲಿ ನಿಂತಿದ್ದಳು.

ಹೆಣವನ್ನು ಸಾರಕ್ಕಿಯ ಮನೆಗೆ ತರಲು ಆಗಲಿಲ್ಲ. ಬಾಡಿಗೆ ಮನೆಗೆ ಹೆಣ ತಂದರೆ ಆಮೇಲೆ ಆ ಮನೆಗೆ ಯಾರೂ ಬರುವುದಿಲ್ಲ ಎಂದು ಮನೆಯೊಡತಿ ನಾಗಲಕ್ಷ್ಮಮ್ಮ ಮೊದಲೇ ಹೇಳಿ ಕಳಿಸಿದ್ದರು. ಹದಿನೆಂಟು ವರ್ಷ ಅದೇ ವಠಾರದಲ್ಲಿ ಇದ್ದವನನ್ನು ಗಲ್ಲಿಯ ಬಾಯಲ್ಲಿ, ಟೀ ಅಂಗಡಿಯ ಎರಡು ಬೆಂಚು ಜೋಡಿಸಿ, ಅದರ ಮೇಲೆ ಮಲಗಿಸಿದೆವು. ಮುಕ್ಕಾಲು ಗಂಟೆ ಇಟ್ಟುಕೊಂಡಿದ್ದೆವು. ಸ್ಕೂಟರಿನವರು ಹಾರ್ನ್ ಹೊಡೆದು, ಏನೆಂದು ತಿಳಿದ ಮೇಲೆ ಇಳಿದು, ತಳ್ಳಿಕೊಂಡು ಹೋಗುತ್ತಿದ್ದರು. ಎರಡು ದೊಡ್ಡ ಹೂಮಾಲೆ ಬಂದವು. ಎರಡಕ್ಕೂ ಒಂದೊಂದು ಪಕ್ಷದ ಬಣ್ಣದ ರಿಬ್ಬನ್ ಇತ್ತು. ಅವನು ಬದುಕಿದ್ದಾಗ ಈ ಎರಡು ಪಕ್ಷಗಳೂ ಅವನಿಗೆ ಒಂದು ನಾಮಪತ್ರ ಸಲ್ಲಿಸಲು ಬಿಟ್ಟಿರಲಿಲ್ಲ. ಆಮೇಲೆ ಅವನ ತಮ್ಮ ಹನಮಂತ ಹೆಣವನ್ನು ಸುರಪುರ ತಾಲ್ಲೂಕಿನ ಅವರ ಊರಿಗೆ ಒಯ್ದ. ನಾನು ಹೋಗಲಿಲ್ಲ.

ಇದನ್ನು ಬರೆಯಲು ನನಗೆ ಅರ್ಹತೆ ಇದೆಯೇ ಎಂಬ ಪ್ರಶ್ನೆ ಇದೆ. ಬೇರೆ ಯಾರೂ ಬರೆಯುವುದಿಲ್ಲ ಎಂಬುದೂ ಗೊತ್ತು.

ತೊಂಬತ್ತೊಂದರಲ್ಲಿ ನಾನು ಜಯನಗರದ ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದೆ. ಲಗ್ನಪತ್ರಿಕೆ, ಶಾಲೆಯ ಪ್ರಶ್ನೆಪತ್ರಿಕೆ, ಕರಪತ್ರ. ಒಂದು ಶನಿವಾರ ಮೌನೇಶ ಬಂದ. ಕೈಯ ಗೆರೆಗಳಲ್ಲಿ ಕಪ್ಪು ಎಣ್ಣೆ ಕೂತಿತ್ತು. ಕಾಗದವನ್ನು ಮುಟ್ಟಿದರೆ ಕಲೆಯಾಗುತ್ತದೆಂದು ಅದನ್ನು ಒಂದು ದಿನಪತ್ರಿಕೆಯ ಹಾಳೆಯೊಳಗೆ ಇಟ್ಟುಕೊಂಡು ಬಂದಿದ್ದ.

"ಇದನ್ನ ಹೊಡದು ಕೊಡ್ತೀರೇನ್ರಿ ಸರ? ಸೋಮವಾರದೊಳಗ ಬೇಕು."

ಓದಿದೆ. ಮೊದಲ ಸಾಲು, ‘ಮಾನ್ಯ ಮಾಲೀಕರ ಪಾದಾರವಿಂದಗಳಲ್ಲಿ ಸವಿನಯ ಪ್ರಾರ್ಥನೆ’ ಎಂದಿತ್ತು.

"ಯಾರು ಬರೆದದ್ದು ಇದು?"

"ಒಬ್ರು ವಕೀಲರು. ನನಗೂ ಸೇರಿಲ್ರಿ. ಆದ್ರ ವಕೀಲರು ಬರದಾರಲ್ಲ ಅಂತ."

ನಾನು ಕೆಂಪು ಪೆನ್ನು ಕೊಟ್ಟೆ. ಅವನು ಸ್ವಲ್ಪ ಹೊತ್ತು ಅದನ್ನು ತಿರುಗಿಸುತ್ತ ನಿಂತ. ಆಮೇಲೆ ಆ ಸಾಲನ್ನು ಪೂರ್ತಿ ಹೊಡೆದು ಹಾಕಿ, ‘ಮಾಲೀಕರಿಗೆ ತಿಳಿಸುವುದೇನೆಂದರೆ’ ಎಂದು ಬರೆದ. ನಾನು ಓದಿಕೊಂಡವನು. ಪೀಠಿಕೆ, ಅಡಿಟಿಪ್ಪಣಿಗಳಿದ್ದ ದಪ್ಪ ಪುಸ್ತಕಗಳಲ್ಲಿ ಇದೇ ಮಾತಿಗಾಗಿ ಹುಡುಕಿದವನು. ಆ ದಿನದಿಂದ ಅವನು ನನ್ನ ಗೆಳೆಯ. ಹದಿನೈದು ವರ್ಷ ಅವನು ನನ್ನನ್ನು ‘ಸರ’ ಎಂದೇ ಕರೆದ. ಬೇಡ ಎಂದು ಎರಡು ಸಲ ಹೇಳಿ ಬಿಟ್ಟೆ.

ಅವನು ಟರ್ನರ್. ಅಪ್ಪ, ಅಜ್ಜ ಕುಲುಮೆ ಕೆಲಸದವರು. ತಿಂಥಣಿ ಮೌನೇಶ್ವರನಿಗೆ ಹರಕೆ ಹೊತ್ತು ಹುಟ್ಟಿದ ಮಗನಾದ್ದರಿಂದ ಆ ಹೆಸರು. ಐಟಿಐ ಮುಗಿಸಿ ಎಂಬತ್ತೆಂಟರಲ್ಲಿ ಬೆಂಗಳೂರಿಗೆ ಬಂದು, ಸಾರಕ್ಕಿಯ ಪಕ್ಕದ ಕೈಗಾರಿಕಾ ಬಡಾವಣೆಯಲ್ಲಿ ಲೇತಿನ ಮುಂದೆ ನಿಂತ. ಆ ಬಡಾವಣೆಯಲ್ಲಿ ದೊಡ್ಡ ಕಾರ್ಖಾನೆಗಳಿರಲಿಲ್ಲ, ಎಲ್ಲ ಶೆಡ್ಡುಗಳು. ಒಂದೊಂದರಲ್ಲಿ ಎಂಟು ಜನ, ಒಂಬತ್ತು ಜನ. ಹತ್ತಾಗಲು ಬಿಡುತ್ತಿರಲಿಲ್ಲ, ಹತ್ತಾದರೆ ಕಾರ್ಖಾನೆ ಕಾಯಿದೆ ಬರುತ್ತದೆ. ಹತ್ತನೆಯವನು ಸೇರಿದ ವಾರವೇ ಶೆಡ್ಡಿನ ನಡುವೆ ಒಂದು ತಗಡಿನ ಗೋಡೆ ಏಳುತ್ತಿತ್ತು, ಹೊರಗೆ ಎರಡನೇ ಬೋರ್ಡು ಬೀಳುತ್ತಿತ್ತು, ಮಾಲೀಕನ ಹೆಂಡತಿಯ ಹೆಸರಿನಲ್ಲಿ. ಗೋಡೆಯ ಆಚೆ ಈಚೆ ಒಂದೇ ಕೆಲಸ, ಒಂದೇ ಮಾಲೀಕ, ಆದರೆ ಕಾಗದದ ಮೇಲೆ ಎರಡು ಕಂಪನಿ.

ಇಂಥ ಜಾಗದಲ್ಲಿ ಸಂಘ ಕಟ್ಟಲು ಆಗುವುದಿಲ್ಲ ಎಂದು ದೊಡ್ಡ ಯೂನಿಯನ್ನಿನವರು ಹೇಳಿ ಹೋಗಿದ್ದರು. ಮೌನೇಶ ಬೇರೆ ದಾರಿ ಕಂಡುಕೊಂಡ. ಆ ವರ್ಷಗಳಲ್ಲಿ ಬೇಸಿಗೆ ಬಂತೆಂದರೆ ದಿನಕ್ಕೆ ಎರಡು, ಮೂರು ಗಂಟೆ ಕರೆಂಟು ಇರುತ್ತಿರಲಿಲ್ಲ. ಕರೆಂಟು ಹೋದರೆ ಇಡೀ ಬೀದಿಯ ಮೆಷಿನ್ನುಗಳು ಒಟ್ಟಿಗೆ ನಿಲ್ಲುತ್ತಿದ್ದವು. ಎಲ್ಲರೂ ಹೊರಗೆ ಬಂದು ಹೊಂಗೆಮರದ ಕೆಳಗೆ ಕೂರುತ್ತಿದ್ದರು. ಅದೇ ಅವನ ಸಭೆ. ಕೆಲಸವೇ ಇಲ್ಲದ ಹೊತ್ತಿನಲ್ಲಿ ಕೂತು ಮಾತಾಡಬೇಡಿ ಎನ್ನಲು ಯಾವ ಮಾಲೀಕನಿಗೂ ಆಗುತ್ತಿರಲಿಲ್ಲ.

ಸಭೆಗೆ ಅವನದೇ ನಿಯಮಗಳಿದ್ದವು. ಎಲ್ಲರಿಗಿಂತ ಹೊಸಬ ಮೊದಲು ಮಾತಾಡಬೇಕು, ಮೌನೇಶ ಎಲ್ಲರಿಗಿಂತ ಕೊನೆಗೆ. ಹೊರಗಿನವರು ಅಧ್ಯಕ್ಷರಾಗುವಂತಿಲ್ಲ, ವಕೀಲರಂತೂ ಇಲ್ಲವೇ ಇಲ್ಲ. ಕರೆಂಟು ಬಂದ ಕೂಡಲೇ, ಮಾತು ಎಲ್ಲಿದ್ದರೂ ಅಲ್ಲಿಗೆ ಬಿಟ್ಟು ಏಳಬೇಕು. ಹೀಗಾಗಿ ಎಷ್ಟೋ ಸಲ ಮೌನೇಶನ ಸರದಿ ಬರುವ ಮೊದಲೇ ಲೈಟು ಬರುತ್ತಿತ್ತು.

"ಏನ್ ಗುರು, ನಿನ್ ಭಾಷಣ ಕೇಳ್ಬೇಕು ಅಂದ್ರೆ ಟ್ರಾನ್ಸ್‌ಫಾರ್ಮರ್ರೇ ಸುಡ್ಬೇಕಲ್ಲಪ್ಪ," ಎಂದು ಸೀನು ರೇಗಿಸುತ್ತಿದ್ದ.

ಸೀನು ಮಳವಳ್ಳಿ ಕಡೆಯವನು, ಮಿಲ್ಲಿಂಗ್ ಮೆಷಿನ್ನಿನವನು. ಬೆಂಗಳೂರಿಗೆ ಅಪ್ಪ ಅಮ್ಮನ ಜೊತೆ ಚಿಕ್ಕಂದಿನಲ್ಲೇ ಬಂದಿದ್ದ. ಮೌನೇಶನ ಬಲಗೈ ಅವನೇ. ಮಾತು ಬಲ್ಲವನು, ನಗಿಸುವವನು. ‘ಕಾರ್ಮಿಕರ ಕೂಟ’ ಎಂದು ಹೆಸರಿಟ್ಟದ್ದೂ ಅವನೇ.

ತೊಂಬತ್ತೇಳರಲ್ಲಿ ಒಂದು ಶೆಡ್ಡಿನ ಪವರ್ ಪ್ರೆಸ್ಸಿಗೆ ಸಿಕ್ಕಿ ಬೋರಯ್ಯ ಎಂಬವನ ನಾಲ್ಕು ಬೆರಳು ಹೋದವು. ತಗಡಿನ ಗೋಡೆಯ ಈಚೆಗೆ ಇದ್ದಿದ್ದರೆ ಅವನ ಹೆಸರು ರಿಜಿಸ್ಟರಿನಲ್ಲಿ ಇರಬೇಕಿತ್ತು, ಆಚೆಗೆ ಇದ್ದಿದ್ದರೆ ಆಚೆಯ ರಿಜಿಸ್ಟರಿನಲ್ಲಿ. ಎರಡರಲ್ಲೂ ಇರಲಿಲ್ಲ. ಕೂಟ ಕೆಲಸ ನಿಲ್ಲಿಸಿತು. ಕರೆಂಟು ಇದ್ದಾಗಲೂ ಮೆಷಿನ್ನುಗಳು ನಿಂತದ್ದನ್ನು ಆ ಬೀದಿ ನೋಡಿದ್ದು ಅದೇ ಮೊದಲು. ಎರಡನೇ ದಿನ ಪೊಲೀಸ್ ಜೀಪು ಬಂತು. ಐದನೇ ದಿನ ಕಾರ್ಪೊರೇಟರ್ ಬಂದ, ಜೀಪು ಹೋಯಿತು. ಆರನೇ ದಿನ ಬೋರಯ್ಯನಿಗೆ ಪರಿಹಾರ ಒಪ್ಪಿಕೊಂಡರು. ಜನ ಕಾರ್ಪೊರೇಟರಿಗೆ ಹಾರ ಹಾಕಿದರು. ಬೋರಯ್ಯನ ಹೆಂಡತಿ ಸೊಣ್ಣಮ್ಮ ಅವನ ಕಾಲು ಮುಟ್ಟಿ ನಮಸ್ಕರಿಸಿದಳು.

ಮೌನೇಶ ಆ ಸಂಜೆ ಪ್ರೆಸ್ಸಿಗೆ ಬಂದಾಗ ಗೆದ್ದವನಂತೆ ಇರಲಿಲ್ಲ.

"ಆರು ದಿವ್ಸ ಮಶೀನ್ ನಿಲ್ಲಿಸಿದವರು ನಾವು. ಹಾರ ನೋಡಿದ್ರ ಅವನ ಕೊಳ್ಳಾಗ."

ಜೊತೆಗಿದ್ದ ಸೀನು ಹೇಳಿದ. "ಇನ್ನೇನ್ ಮಾಡ್ತೀಯಾ? ಜೀಪು ಅವ್ನು ಹೇಳಿದ್ರೆ ಬರುತ್ತೆ, ಅವ್ನು ಹೇಳಿದ್ರೆ ಹೋಗುತ್ತೆ."

"ಹಂಗಾದ್ರ ಆ ಕುರ್ಚಿ ಮ್ಯಾಲ ನಮ್ಮವ ಒಬ್ಬ ಕೂಡಬೇಕು. ಹಾರ ಹಾಕಿಸ್ಕೊಳ್ಳಾಕಲ್ಲ. ಜೀಪು ಬರದಂಗ ಮಾಡಾಕ."

ಅವನು ಆಮೇಲೆ ಬದುಕಿದ್ದು ಈ ಒಂದು ಮಾತಿಗಾಗಿ. ಮುಂದಿನ ನಗರಪಾಲಿಕೆ ಚುನಾವಣೆಯಲ್ಲಿ ಆ ವಾರ್ಡಿನಿಂದ ಕೂಟದ ಸ್ವಂತ ಅಭ್ಯರ್ಥಿ, ಯಾವ ಪಕ್ಷದ ಬಾಲವೂ ಆಗದೆ, ಶೆಡ್ಡಿನಿಂದಲೇ ಎದ್ದು ಬಂದವನು ನಿಲ್ಲಬೇಕು. ಗೆಲ್ಲಲೇಬೇಕೆಂದೂ ಅವನು ಹೇಳಲಿಲ್ಲ. ನಿಲ್ಲಬೇಕು, ನಮ್ಮ ಓಟು ಎಷ್ಟು ಎಂದು ನಾವೇ ಎಣಿಸಿ ನೋಡಬೇಕು ಎನ್ನುತ್ತಿದ್ದ.

ನಾನು ಒಪ್ಪಲಿಲ್ಲ. ಜಯನಗರದಲ್ಲಿ ನಮ್ಮದೊಂದು ಅಧ್ಯಯನ ಮಂಡಳಿ ಇತ್ತು. ಒಂದು ಎಡಪಕ್ಷದ ಆಸುಪಾಸಿನವರು. ಭಾನುವಾರ ಕೂತು ಓದಿ ಚರ್ಚಿಸುತ್ತಿದ್ದೆವು. ಮೌನೇಶ ಆಗಾಗ ಬಂದು ಹಿಂದೆ ಕೂರುತ್ತಿದ್ದ.

"ಕಾರ್ಮಿಕರಿಗೆ ಪಕ್ಷ ಬೇಕು, ನಿಜ," ಎಂದೆ ನಾನು. "ಆದರೆ ಅದು ಈಗಾಗಲೇ ಇದೆಯಲ್ಲ."

"ಎಲ್ಲದರಿ?"

"ನಾವಿಲ್ಲವೇ?"

"ನೀವು ಏಳು ಮಂದಿ. ಅದರಾಗ ಇಬ್ರು ರಿಟೈರ್ ಆಗ್ಯಾರ."

ಎಲ್ಲರೂ ನಕ್ಕರು. ನಾನು ಬಿಡಲಿಲ್ಲ. ಇವತ್ತಿನ ಪರಿಸ್ಥಿತಿಯಲ್ಲಿ ದೊಡ್ಡ ಅಪಾಯ ಯಾವುದು, ಸಣ್ಣ ಅಪಾಯ ಯಾವುದು ಎಂದು ನೋಡಬೇಕು, ದೊಡ್ಡದನ್ನು ಸೋಲಿಸಲು ಸಣ್ಣದಕ್ಕೆ ಬೆಂಬಲ ಕೊಡಬೇಕಾಗುತ್ತದೆ, ಸ್ವತಂತ್ರವಾಗಿ ನಿಂತರೆ ಓಟು ಒಡೆಯುತ್ತದೆ ಎಂದು ಅರ್ಧ ಗಂಟೆ ಹೇಳಿದೆ. ಮೌನೇಶ ಕೇಳಿಸಿಕೊಂಡ.

"ಸಣ್ಣದಕ್ಕ ಓಟು ಹಾಕಿ ಹಾಕಿ ಅದೂ ಈಗ ದೊಡ್ಡದಾಗ್ಯದಲ್ರಿ ಸರ," ಎಂದ.

ಅವನ ಲೆಕ್ಕಾಚಾರ ತಪ್ಪಿದ್ದು ನಾನು ಹೇಳಿದ ಕಾರಣಕ್ಕಲ್ಲ. ತೊಂಬತ್ತೆಂಟರಲ್ಲಿ ಅವನು ವಾರ್ಡಿನ ಮತದಾರರ ಪಟ್ಟಿ ತಂದ. ಪ್ರೆಸ್ಸಿನ ಮೇಜಿನ ಮೇಲೆ ಅದನ್ನು ಹರಡಿಕೊಂಡು, ಕೂಟದ ಸದಸ್ಯರ ಹೆಸರು ಇಟ್ಟುಕೊಂಡು, ನಾವಿಬ್ಬರೂ ಒಂದೊಂದಾಗಿ ಹುಡುಕಿದೆವು. ಸದಸ್ಯರು ಮುನ್ನೂರ ನಲವತ್ತು. ಪಟ್ಟಿಯಲ್ಲಿ ಸಿಕ್ಕಿದ್ದು ಹತ್ತೊಂಬತ್ತು. ಮೌನೇಶನ ಹೆಸರೂ ಇರಲಿಲ್ಲ.

ಓಟು ಇರಲಿಲ್ಲವೆಂದಲ್ಲ. ಎಲ್ಲರಿಗೂ ಇತ್ತು. ಸುರಪುರದಲ್ಲಿ, ಲಿಂಗಸುಗೂರಿನಲ್ಲಿ, ಹುನಗುಂದದಲ್ಲಿ, ಮಧುಗಿರಿಯಲ್ಲಿ, ಅವರವರ ಊರಿನಲ್ಲಿ. ಹತ್ತು ವರ್ಷ, ಹದಿನೈದು ವರ್ಷ ಸಾರಕ್ಕಿಯಲ್ಲಿ ದುಡಿದರೂ ಓಟು ಊರಿನದು. ಚುನಾವಣೆ ಬಂದರೆ ಊರಿನ ಅಭ್ಯರ್ಥಿಗಳು ಬೆಂಗಳೂರಿಗೆ ಬಸ್ಸು ಕಳಿಸುತ್ತಿದ್ದರು. ಸಾರಕ್ಕಿ ಸಿಗ್ನಲ್ಲಿನ ಹತ್ತಿರ, ಬಿಟಿಎಂನಲ್ಲಿ, ಹುಳಿಮಾವಿನಲ್ಲಿ ಆ ಬಸ್ಸುಗಳು ನಿಲ್ಲುತ್ತಿದ್ದವು. ಬಸ್ಸಿನಲ್ಲಿ ಊಟ, ಹಾಡು. ಊರಲ್ಲಿ ಮರ್ಯಾದೆ. ವರ್ಷವೆಲ್ಲ ಇಲ್ಲಿ ‘ಏಯ್’ ಎಂದು ಕರೆಸಿಕೊಂಡವನನ್ನು ಅಲ್ಲಿ ಆ ಎರಡು ದಿನ ‘ಬಾರಪ್ಪ, ಯಾವಾಗ ಬಂದಿ’ ಎಂದು ಕೇಳುವವರಿದ್ದರು. ಅದನ್ನು ಬಿಡಿ ಎಂದು ಹೇಳುವುದು ಸುಲಭವಲ್ಲ. ಹೆಸರು ಹೊಡೆಸಿದರೆ ರೇಷನ್ ಕಾರ್ಡು ಹೋಗುತ್ತದೆ, ಹೊಲದ ಪಾಲು ಹೋಗುತ್ತದೆ ಎಂಬ ಭಯವೂ ಇತ್ತು.

ಎರಡು ವರ್ಷ ಮೌನೇಶ ಭಾನುವಾರಗಳನ್ನು ಇದಕ್ಕೇ ಕೊಟ್ಟ. ಹೆಸರು ಸೇರಿಸುವ ಅರ್ಜಿಯ ಕಟ್ಟು ಬಗಲಲ್ಲಿ ಇಟ್ಟುಕೊಂಡು ವಠಾರದಿಂದ ವಠಾರಕ್ಕೆ ನಡೆದ. ಕೆಲಸಗಾರರು ಒಪ್ಪಿದರೆ ಮನೆಯ ಮಾಲೀಕರು ಒಪ್ಪುತ್ತಿರಲಿಲ್ಲ. ವಿಳಾಸಕ್ಕೆ ಅವರ ಸಹಿ ಬೇಕಿತ್ತು. ಅವನದೇ ವಠಾರದಲ್ಲಿ ಹದಿನಾಲ್ಕು ಕೋಣೆಗಳಿದ್ದವು. ನಾಗಲಕ್ಷ್ಮಮ್ಮನ ಹತ್ತಿರ ಹೋದಾಗ ನಾನೂ ಜೊತೆಗಿದ್ದೆ. ಆಕೆ ಅವರೆಕಾಯಿ ಬಿಡಿಸುತ್ತ ಕೂತಿದ್ದರು.

"ಸೈನ್ ಯಾಕಪ್ಪಾ? ಬಾಡಿಗೆ ಕೊಡ್ತೀಯ, ಇದ್ದೀಯ. ನಾನೇನಾದ್ರೂ ಇಲ್ಲ ಅಂದ್ನಾ?"

"ಇದ್ದೀನಿ ಅಂತ ಬರದು ಕೊಡ್ರಿ ಸಾಕು, ಅಮ್ಮಾರ."

"ಬಾಯಲ್ಲಿ ಬೇಕಾದ್ರೆ ಸಾವಿರ ಸತಿ ಹೇಳ್ತೀನಿ. ಕಾಗದದಲ್ಲಿ ಬೇಡ. ಇವತ್ತು ಓಟು ಅಂತೀರ, ನಾಳೆ ಮನೇನೇ ನಮ್ದು ಅಂತೀರ. ನಮ್ ಮಾವ ಕೆರೆ ಪಕ್ಕದ ಜಮೀನು ಹಂಗೇ ಕಳ್ಕೊಂಡಿದ್ದು." ಆಮೇಲೆ ನನ್ನ ಕಡೆ ತಿರುಗಿ, "ನೀವು ಓದಿರೋರು ಸಾರ್, ನೀವೇ ಹೇಳಿ, ನಿಮ್ ಮನೆ ಬಾಡಿಗೆಯವರಿಗೆ ಬರ್ಕೊಡ್ತೀರಾ?"

ನಾನೂ ಬಾಡಿಗೆ ಮನೆಯಲ್ಲೇ ಇದ್ದೆ. ಹಾಗೆಂದು ಹೇಳಿದೆ. "ಹಂಗಾದ್ರೆ ನಿಮ್ಗೇನ್ ಗೊತ್ತಾಗ್ಬೇಕು," ಎಂದರು.

ಐದನೇ ಸಲ ಹೋದಾಗ ಸಹಿ ಹಾಕಿಕೊಟ್ಟರು. ಸುಸ್ತಾಗಿ ಹಾಕಿದರೋ, ಮನಸ್ಸು ಬಂದು ಹಾಕಿದರೋ ತಿಳಿಯದು. ಹೀಗೆ ಒಂದೊಂದೇ ಸಹಿ. ಹತ್ತೊಂಬತ್ತು ಇದ್ದದ್ದು ಇನ್ನೂರ ಮೂವತ್ತೊಂದಾಯಿತು. ಹೊಸ ಹೆಸರುಗಳಲ್ಲಿ ಮೌನೇಶನದೂ ಇತ್ತು. ಆದರೆ ಇಲ್ಲಿ ಹೆಸರು ಸೇರಿಸುವವನು ಊರಿನಲ್ಲಿ ಹೊಡೆಸಬೇಕು. ಅದಕ್ಕೆ ಬೇರೆ ಅರ್ಜಿ. ಅದನ್ನು ಎಲ್ಲರಿಗೂ ಕೊಟ್ಟಿದ್ದ, ಊರಿಗೆ ಹೋದಾಗ ಕೊಟ್ಟು ಬನ್ನಿ ಎಂದು ಹೇಳಿದ್ದ. ಎಲ್ಲರೂ ಹೂಂ ಎಂದಿದ್ದರು. ಅರ್ಜಿಗಳು ಟ್ರಂಕಿನಲ್ಲಿ, ದೇವರ ಪಟದ ಹಿಂದೆ ಉಳಿದವು. ಎರಡೂ ಕಡೆ ಇದ್ದರೆ ಏನು ಗಂಟು ಹೋಗುತ್ತದೆ ಎಂಬುದು ಅವರ ಎಣಿಕೆ. ಮೌನೇಶ ತನ್ನ ಅರ್ಜಿಯನ್ನು ತಮ್ಮ ಹನಮಂತನ ಕೈಗೆ ಕೊಟ್ಟು ಕಳಿಸಿದ್ದ. ಅದನ್ನು ಹನಮಂತ ಕೊಡಲೇ ಇಲ್ಲ, ಏಕೆಂದರೆ ಎರಡು ಸಾವಿರದ ಇಸವಿಯ ಫೆಬ್ರವರಿಯಲ್ಲಿ ಹನಮಂತನೇ ಗ್ರಾಮ ಪಂಚಾಯಿತಿಗೆ ನಿಂತ.

ಅವ್ವ ಲಕ್ಕವ್ವ ಪಕ್ಕದ ಹಳ್ಳಿಯ ಎಸ್‌ಟಿಡಿ ಬೂತಿನಿಂದ ಶೆಡ್ಡಿಗೆ ಫೋನು ಮಾಡಿಸಿದಳು. ಮೌನೇಶ ಮೂರು ದಿನ ರಜೆ ಹಾಕಿದ. ವಾಪಸು ಬಂದ ಮೇಲೆ ನನ್ನ ಮುಂದೆ ಕೂತು ಟೀ ಲೋಟ ಹಿಡಿದಾಗ ಬೆರಳಿನ ಉಗುರಿನ ಮೇಲೆ ಇಂಕು ಕಂಡಿತು.

"ನೀನೂ ಹೋಗಿದ್ದೆಯಾ?"

"ಹೋಗಿದ್ನಿರಿ."

"ಬಸ್ಸಿನಲ್ಲಿ?"

"ಬಸ್ಸಿನ್ಯಾಗ." ಟೀ ಕುಡಿದು ಮುಗಿಸಿದ. "ಅವ್ವ ಅತ್ಲು. ತಮ್ಮ ನಿಂತಾನ, ಅಣ್ಣನ ಓಟು ಇಲ್ಲ ಅಂದ್ರ ಮಂದಿ ಏನಂತಾರ ಅಂದ್ಲು."

"ಗೆದ್ದನಾ?"

"ಎರಡು ಓಟಿಲೆ. ಅದರಾಗ ಒಂದು ನಂದು."

ಆ ಬಸ್ಸಿನಲ್ಲಿ ಕೂಟದವರೂ ಇದ್ದರು. ಮೌನೇಶಣ್ಣನೇ ಬಂದಿದ್ದಾನೆ ಎಂದ ಮೇಲೆ ಮಿಕ್ಕವರಿಗೆ ಏನು ಅಡ್ಡಿ? ಟ್ರಂಕಿನಲ್ಲಿದ್ದ ಅರ್ಜಿಗಳು ಅಲ್ಲೇ ಉಳಿದವು. ಊರಿನ ಓಟು ಬಿಡಿಸಲು ಎರಡು ವರ್ಷ ನಡೆದವನು ಒಂದೇ ಪ್ರಯಾಣದಲ್ಲಿ ಅದನ್ನು ಮತ್ತೆ ಗಟ್ಟಿ ಮಾಡಿ ಬಂದಿದ್ದ. ಅದು ಅವನಿಗೆ ಗೊತ್ತಿತ್ತು.

ಇನ್ನು ನನ್ನ ಪಾಲು. ಅದೇ ವರ್ಷ ಅಧ್ಯಯನ ಮಂಡಳಿಯಲ್ಲಿ ನಾನೊಂದು ಪ್ರಬಂಧ ಓದಿದೆ. ವಲಸೆ ಕಾರ್ಮಿಕ ಯಾಕೆ ಅರ್ಧ ರೈತನಾಗಿಯೇ ಉಳಿಯುತ್ತಾನೆ ಎಂಬುದು ವಿಷಯ. ಉದಾಹರಣೆ ಬೇಕಿತ್ತು. ಕೂಟದ ಇನ್ನೂರು ಜನರ ಎರಡೆರಡು ಓಟು, ಅವರ ನಾಯಕನ ಬೆರಳಿನ ಇಂಕು, ಎಲ್ಲವನ್ನೂ ಹೇಳಿದೆ. ಹೆಸರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಪ್ರಬಂಧ ಚೆನ್ನಾಗಿದೆ ಎಂದರು. ನಮ್ಮ ಏಳು ಜನರಲ್ಲಿ ಒಬ್ಬರು ಆಗ ನಾನು ಸಣ್ಣ ಅಪಾಯ ಎಂದು ಕರೆದಿದ್ದ ಪಕ್ಷದ ಜೊತೆ ಚುನಾವಣಾ ಹೊಂದಾಣಿಕೆಯ ಮಾತುಕತೆಗೆ ಹೋಗುತ್ತಿದ್ದರು.

ಎರಡು ಸಾವಿರದ ಒಂದರಲ್ಲಿ, ಪಾಲಿಕೆ ಚುನಾವಣೆಗೆ ಮೂರು ತಿಂಗಳು ಇರುವಾಗ, ವಾರ್ಡಿನ ಪಟ್ಟಿಗೆ ಆಕ್ಷೇಪಣೆಗಳು ಬಂದವು. ಒಟ್ಟು ನೂರ ಅರವತ್ತೇಳು. ಪ್ರತಿಯೊಂದಕ್ಕೂ ಆಯಾ ಊರಿನ ಪಟ್ಟಿಯ ನಕಲು ಲಗತ್ತಿಸಿತ್ತು. ಮೊದಲ ಆಕ್ಷೇಪಣೆಯೇ ಮೌನೇಶನ ಹೆಸರಿನ ಮೇಲೆ. ಅರ್ಜಿ ಹಾಕಿದ್ದು ಸಣ್ಣ ಅಪಾಯದ ಪಕ್ಷದವರು. ದೊಡ್ಡ ಅಪಾಯದವರು ಅದರ ಕೆಳಗೆ ಸಾಕ್ಷಿ ಸಹಿ ಹಾಕಿದ್ದರು. ಆ ಎರಡು ಪಕ್ಷಗಳು ಒಟ್ಟಿಗೆ ಸಹಿ ಹಾಕಿದ ಕಾಗದವನ್ನು ನಾನು ನೋಡಿದ್ದು ಅದೊಂದೇ.

ವಿಚಾರಣೆಯ ದಿನ ಕಾರಿಡಾರಿನಲ್ಲಿ ಕೂಟದವರು ನೂರಕ್ಕೂ ಹೆಚ್ಚು ಜನ ನಿಂತಿದ್ದರು. ಎರಡು ಕಡೆ ಹೆಸರಿದ್ದರೆ ಜೈಲು ಎಂದು ಯಾರೋ ಹಬ್ಬಿಸಿದ್ದರು. ಅಧಿಕಾರಿ ಒಳ್ಳೆಯವರೇ. ನಿಧಾನವಾಗಿ ಕೇಳಿದರು.

"ನೋಡಿ ಮೌನೇಶ್, ಊರಿನ ಪಟ್ಟಿಯಲ್ಲಿ ಇರೋದು ನೀವೇನಾ?"

"ನಾನ ರೀ."

"ಹೋದ ವರ್ಷ ಅಲ್ಲಿ ಓಟು ಹಾಕಿದೀರಾ? ಇಲ್ಲ ಅನ್ನೋದಾದ್ರೆ ಹೇಳಿ, ಬರ್ಕೋತೀನಿ."

"ಹಾಕೀನ್ರಿ."

ಹಿಂದಿದ್ದ ಸೀನು ಅವನ ಅಂಗಿ ಜಗ್ಗಿದ. ಮೌನೇಶ ತಿರುಗಿ ನೋಡಲಿಲ್ಲ. ಅವನ ಹೆಸರು ಸಾರಕ್ಕಿಯ ಪಟ್ಟಿಯಿಂದ ಹೋಯಿತು. ಹಿಂದೆ ನೂರ ಅರವತ್ತಾರು ಹೋದವು. ನಗರದ ಪಟ್ಟಿಯಲ್ಲಿ ಹೆಸರಿಲ್ಲದವನು ಪಾಲಿಕೆಗೆ ಅಭ್ಯರ್ಥಿಯಾಗುವಂತಿಲ್ಲ.

ಅರವತ್ತನಾಲ್ಕು ಓಟು ಉಳಿದಿದ್ದವು. ಅವುಗಳಲ್ಲಿ ಒಂದು ಸೀನುವಿನದು. ಸೀನುವಿಗೆ ಬೇರೆ ಊರಿನ ಓಟು ಇರಲಿಲ್ಲ. ಹೊಂಗೆಮರದ ಕೆಳಗೆ ಕೂಟ ಸೇರಿ, ಸೀನು ನಿಲ್ಲಲಿ ಎಂದು ಕೈಯೆತ್ತಿತು. ಅವನು ನಾಮಪತ್ರ ಹಾಕಿದ. ವಾಪಸು ತೆಗೆದುಕೊಳ್ಳುವ ಕೊನೆಯ ದಿನ, ಮಧ್ಯಾಹ್ನ ಎರಡೂವರೆಗೆ, ಅದನ್ನು ವಾಪಸು ತೆಗೆದುಕೊಂಡ. ಸಂಜೆ ಸಣ್ಣ ಅಪಾಯದ ಪಕ್ಷದ ಅಭ್ಯರ್ಥಿಯ ಪಕ್ಕದಲ್ಲಿ ಶಾಲು ಹೊದ್ದು ನಿಂತಿದ್ದ. ಮೌನೇಶ ಅವನ ಮನೆಗೆ ಹೋಗಿ ಕೇಳಿದ. ನಾನು ಬಾಗಿಲಲ್ಲಿದ್ದೆ.

"ಅರವತ್ತನಾಲ್ಕು ಓಟಿಗೆ ನಾನ್ ನಿಂತು ಏನ್ ಕಿತ್ತಾಕ್ಲಿ ಮಗಾ? ಬೀದೀಲಿ ನಗೋರು. ಒಳಗಿದ್ರೆ ಏನಾದ್ರೂ ಮಾಡಿಸ್ಬೋದು."

"ಅರವತ್ನಾಲ್ಕು ಅಂತ ಗೊತ್ತಾಗ್ತಿತ್ತಲ್ಲೋ. ಮುಂದಿನ ಸಲ ಎಲ್ಲಿಂದ ಶುರು ಮಾಡ್ಬೇಕಂತ ಗೊತ್ತಾಗ್ತಿತ್ತು."

"ನೀನು ಊರಿಗೆ ಹೋಗಿ ಓಟು ಹಾಕ್ಬೋದು, ನಾನು ಇಲ್ಲಿ ಶಾಲು ಹೊದ್ಕೊಬಾರ್ದಾ?"

ಮೌನೇಶ ಚಪ್ಪಲಿ ಮೆಟ್ಟಿ ಹೊರಗೆ ಬಂದ. ಸೀನುವಿಗೆ ನ್ಯಾಯ ಮಾಡಬೇಕೆಂದರೆ, ಅವನು ಏನೂ ಮಾಡಿಸಲಿಲ್ಲ ಎನ್ನಲಾಗದು. ಸೊಣ್ಣಮ್ಮನಿಗೆ ಪಾಲಿಕೆಯ ಕಂತ್ರಾಟಿನಲ್ಲಿ ಕಸ ಗುಡಿಸುವ ಕೆಲಸ ಕೊಡಿಸಿದ. ಬೀದಿಗೆ ಒಂದು ನಲ್ಲಿ ಬಂತು, ಮೇಲೆ ಕಾರ್ಪೊರೇಟರಿನ ಹೆಸರು ಬರೆಸಿ.

ಆ ವಾರ ನಮ್ಮ ಮಂಡಳಿಯ ಕರಪತ್ರ ನನ್ನ ಮೇಜಿಗೆ ಬಂತು. ಕಾರ್ಮಿಕ ಬಂಧುಗಳು ಪ್ರಜ್ಞಾವಂತಿಕೆಯಿಂದ ಆ ಅಭ್ಯರ್ಥಿಗೇ ಮತ ಹಾಕಬೇಕೆಂಬ ಮನವಿ. ನಾನೇ ಕರಡು ನೋಡಿದೆ. ಒಂದು ತಪ್ಪೂ ಇರಲಿಲ್ಲ.

ಆಕ್ಷೇಪಣೆಯ ಸುಳಿವು ಎಲ್ಲಿಂದ ಹೋಯಿತು ಎಂಬುದನ್ನು ನಾನು ಮೌನೇಶನಿಗೆ ಹೇಳಿದೆ. ಹೇಳಲು ಒಂದು ತಿಂಗಳು ಬೇಕಾಯಿತು. ಅವನು ಬಯ್ಯಲಿ ಎಂದು ಕಾದೆ.

"ಇಂಕು ನನ್ನ ಬೆರಳಿಗಿತ್ರಿ ಸರ," ಎಂದ. "ನಿಮ್ಮ ನಾಲಿಗಿಗಲ್ಲ."

ಅದು ಕ್ಷಮೆ ಎಂದು ಆಗ ತಿಳಿದುಕೊಂಡೆ. ಈಗ ಹಾಗೆ ತೋರುವುದಿಲ್ಲ. ಅವನು ತನ್ನ ತಪ್ಪಿನಲ್ಲೂ ನಮಗೆ ಪಾಲು ಕೊಡಲಿಲ್ಲ, ಅಷ್ಟೇ.

ಆಮೇಲೆ ಶೆಡ್ಡುಗಳಿಗೆ ಡೀಸೆಲ್ ಜನರೇಟರ್ ಬಂದವು. ಕರೆಂಟು ಹೋದರೂ ಮೆಷಿನ್ನು ನಿಲ್ಲುತ್ತಿರಲಿಲ್ಲ. ಹೊಂಗೆಮರದ ಕೆಳಗೆ ಯಾರೂ ಕೂರಬೇಕಾಗಲಿಲ್ಲ. ಕೂಟದವರು ಕೆಲವರು ಸೀನುವಿನ ಹಿಂದೆ ಹೋದರು, ಕೆಲವರು ಊರಿಗೆ, ಹಲವರು ಎಲ್ಲಿಗೂ ಹೋಗದೆ ಸುಮ್ಮನಾದರು. ಹೊಸ ಪುಸ್ತಕಗಳನ್ನು ಓದಿ ನಾನು ಇದಕ್ಕೂ ಕಾರಣ ವಿವರಿಸಬಲ್ಲವನಾಗಿದ್ದೆ.

ಮೌನೇಶ ಮತ್ತೆ ಮೊದಲಿನಿಂದ ಆರಂಭಿಸಿದ. ಈ ಸಲ ತನ್ನಿಂದಲೇ. ಎರಡು ಸಾವಿರದ ಮೂರರಲ್ಲಿ ಸುರಪುರಕ್ಕೆ ಹೋಗಿ, ತಹಸೀಲ್ದಾರರ ಕಚೇರಿಯಲ್ಲಿ ಎರಡು ದಿನ ನಿಂತು, ಊರಿನ ಪಟ್ಟಿಯಿಂದ ಹೆಸರು ಹೊಡೆಸಿ, ಹೊಡೆದದ್ದಕ್ಕೆ ಬರವಣಿಗೆಯಲ್ಲಿ ಪತ್ರ ತೆಗೆದುಕೊಂಡು ಬಂದ. ಊರಿನಲ್ಲಿ ಪಟ್ಟಿಯಿಂದ ಹೆಸರು ಹೊಡೆಯುವುದು ಸತ್ತವರದು ಮಾತ್ರ. ಲಕ್ಕವ್ವ ಒಂದು ವರ್ಷ ಅವನ ಜೊತೆ ಮಾತಾಡಲಿಲ್ಲ. ಬಂದವರ ಮುಂದೆ, "ನನ್ನ ಹಿರೇಮಗನ ಹೆಸರು ಅವನ ಕೈಯಾರ ಹೊಡಿಸ್ಕೊಂಡಾನ, ಇನ್ನ ನಾನು ಯಾರನ್ನ ಮಗ ಅನ್ಲಿ," ಎನ್ನುತ್ತಿದ್ದಳಂತೆ.

ಸಾರಕ್ಕಿಯ ಪಟ್ಟಿಯಲ್ಲಿ ಅವನ ಹೆಸರು ಮತ್ತೆ ಬಂತು. ಹಾಗೆಯೇ ಒಬ್ಬೊಬ್ಬರನ್ನೇ ಅವರವರ ಊರಿಗೆ ಕರೆದುಕೊಂಡು ಹೋಗಿ, ಹೊಡೆಸಿ, ಇಲ್ಲಿ ಸೇರಿಸಿದ. ಮೂರು ವರ್ಷಕ್ಕೆ ತಾನೂ ಸೇರಿ ಇಪ್ಪತ್ತಾರು ಜನ. ಯಾವ ಆಕ್ಷೇಪಣೆಗೂ ಸಿಗದ ಇಪ್ಪತ್ತಾರು ಎನ್ನುತ್ತಿದ್ದ. ಪಾಲಿಕೆಯ ಅವಧಿ ಎರಡು ಸಾವಿರದ ಆರರ ಕೊನೆಗೆ ಮುಗಿಯುವುದಿತ್ತು. ಚುನಾವಣೆ ಯಾವಾಗ ಬೇಕಾದರೂ ಬರಬಹುದೆಂದು ಎಲ್ಲರೂ ಹೇಳುತ್ತಿದ್ದರು.

"ಈ ಸಲ ನಾನ ನಿಲ್ತೀನ್ರಿ. ಇಪ್ಪತ್ತಾರು ಬಂದ್ರ ಇಪ್ಪತ್ತಾರು."

ಆ ಹೊತ್ತಿಗೆ ಅವನ ಕಾಲು ಊದಿಕೊಳ್ಳಲು ಶುರುವಾಗಿತ್ತು. ಲೇತಿನ ಮುಂದೆ ಸ್ಟೂಲು ಹಾಕಿಕೊಂಡು ಕೂತು ಕೆಲಸ ಮಾಡಿದ. ಸೆಪ್ಟೆಂಬರಿನಲ್ಲಿ ಆಸ್ಪತ್ರೆ ಸೇರಿದ. ವಾರಕ್ಕೆ ಎರಡು ಸಲ ರಕ್ತ ಶುದ್ಧಿ ಮಾಡಿಸಬೇಕಿತ್ತು. ಬಡವರ ಕಾರ್ಡು ಇದ್ದರೆ ಅದು ಉಚಿತ. ಮೌನೇಶನಿಗೆ ಕಾರ್ಡು ಇರಲಿಲ್ಲ. ಸಾರಕ್ಕಿಯಲ್ಲಿ ಕೊಡಬೇಕಾದರೆ ಮನೆಯ ಕರಾರುಪತ್ರ, ಆದಾಯದ ಪತ್ರ, ತನಿಖೆ, ಆರು ತಿಂಗಳು. ಊರಿನಲ್ಲಾದರೆ ಹನಮಂತ ಈಗಲೂ ಪಂಚಾಯಿತಿಯ ಮೆಂಬರು. ಒಂದು ವಾರದ ಕೆಲಸ. ಆದರೆ ಊರಿನ ಪಟ್ಟಿಯಲ್ಲಿ ಹೆಸರು ಇರಬೇಕು. ಅಲ್ಲಿ ಇರಬೇಕೆಂದರೆ ಇಲ್ಲಿ ಇರಬಾರದು. ಈ ಕಾನೂನನ್ನು ಸಾರಕ್ಕಿಯಲ್ಲಿ ಮೌನೇಶನಿಗಿಂತ ಚೆನ್ನಾಗಿ ಬಲ್ಲವರು ಇರಲಿಲ್ಲ.

ನವೆಂಬರಿನ ಆ ಮಂಗಳವಾರಕ್ಕೆ ಮೂರು ದಿನ ಮೊದಲು, ಶನಿವಾರ, ಹನಮಂತ ಅರ್ಜಿಗಳನ್ನು ಹಿಡಿದುಕೊಂಡು ಬಂದ. ಮೌನೇಶ ಗೋಡೆಯ ಕಡೆ ತಿರುಗಿ ಮಲಗಿದ.

"ಅಣ್ಣಾ, ಜೀವ ಇದ್ರ ಓಟು ಎಲ್ಲಿ ಬೇಕಾದ್ರೂ ಹಾಕಬಹುದು," ಎಂದ ಹನಮಂತ. "ಅವ್ವ ಹಾದಿ ನೋಡಾಕತ್ಯಾಳ."

"ಇಪ್ಪತ್ತೈದು ಮಂದಿಗೆ ಏನ್ ಹೇಳ್ಲಿ?"

"ಆ ಇಪ್ಪತ್ತೈದರಾಗ ಇವತ್ತು ಎಷ್ಟು ಮಂದಿ ಬಂದಾರ ಇಲ್ಲಿ? ಹೇಳು."

ಇಬ್ಬರು ಬಂದು ಹೋಗಿದ್ದರು. ದುಂಡವ್ವ ಅವನ ಕಾಲಿನ ಹತ್ತಿರ ಕೂತು ಕಿತ್ತಳೆ ಸಿಪ್ಪೆಯನ್ನು ಸಣ್ಣಗೆ ಹರಿಯುತ್ತಿದ್ದಳು. ಮೌನೇಶ ನನ್ನನ್ನು ನೋಡಿದ. ನಾನು ಅವನಿಗೆ ಹದಿನೈದು ವರ್ಷ ಎಲ್ಲದಕ್ಕೂ ಏನಾದರೂ ಹೇಳಿದವನು.

"ಸಹಿ ಹಾಕಿಬಿಡು ಮೌನೇಶ," ಎಂದೆ.

ಅವನು ಆ ದಿನ ಹಾಕಲಿಲ್ಲ. ಭಾನುವಾರ ಮಧ್ಯಾಹ್ನ, ಊಟದ ತಟ್ಟೆ ತೆಗೆದ ಮೇಲೆ, ಕೊಡು ಎಂದು ಕೈಚಾಚಿದ. ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದೆವು. ನಾನು ಪ್ಯಾಡು ಹಿಡಿದುಕೊಂಡೆ. ಸಾರಕ್ಕಿಯ ಪಟ್ಟಿಯಿಂದ ಹೆಸರು ತೆಗೆಯಲು ಕೋರುವ ಅರ್ಜಿ ಮೇಲಿತ್ತು. ಅವನು ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದ. ಭಾಗದ ಸಂಖ್ಯೆ, ಕ್ರಮಸಂಖ್ಯೆ ಹನಮಂತ ತುಂಬಿರಲಿಲ್ಲ. ಮೌನೇಶ ಯಾರನ್ನೂ ಕೇಳದೆ ಎರಡನ್ನೂ ಬರೆದ. ಕೆಳಗೆ ಕಾರಣದ ಕಾಲಂ. ಮರಣ, ಸ್ಥಳಾಂತರ, ಎರಡು ಕಡೆ ನೋಂದಣಿ ಎಂದು ಮೂರು ಚೌಕಗಳು. ಎರಡನೆಯದಕ್ಕೆ ಗುರುತು ಹಾಕಿದ. ಸಹಿ ಮಾಡಿದ. ಇವತ್ತು ತಾರೀಖು ಎಷ್ಟು ಎಂದು ಕೇಳಿ, ಅದನ್ನೂ ಬರೆದು, ಪೆನ್ನಿಗೆ ಕ್ಯಾಪು ಹಾಕಿ ನನ್ನ ಕೈಗೆ ಕೊಟ್ಟ.